ಮನೆಯ ದುಡಿಮೆ, ಧಣಿಯ ಹೊಣೆ

‘ಮನೆಗೆಲಸ’ ಎಂಬುದು ನಮ್ಮ ಭಾಷೆಯಲ್ಲಿ ಬಲು ಬಳಕೆಯ ಮಾತು. ಮನೆಯ ಕೆಲಸ ಮನೆಗೆಲಸ. ತತ್ಪುರುಷ ಸಮಾಸವೆಂದು ಶಾಲೆಯ ಹುಡುಗರೂ ಬಿಡಿಸಿ ಹೇಳಬಲ್ಲರು. ನೆಲ ಸಾರಿಸುವುದು, ನೀರು ತುಂಬುವುದು, ಅಡಿಗೆ ಮಾಡುವುದು ಎಲ್ಲವೂ ಅದರಲ್ಲಿ ಅಡಕ. ಆದರೆ ವಾಚಕರೇ, ಮನೆಯಲ್ಲಿಯೇ ಕುಳಿತು ಹೊರಗಿನ ಧಣಿಯೊಬ್ಬನಿಗಾಗಿ ಕೂಲಿಗೆ ಮಾಡುವ ಕೆಲಸವೂ ಒಂದುಂಟು. ಅದು ‘ಮನೆಯ’ ಕೆಲಸವಲ್ಲ, ‘ಮನೆಯಲ್ಲಿ’ ನಡೆಯುವ ಕೆಲಸ. ಅಲ್ಲಿ ಷಷ್ಠಿ, ಇಲ್ಲಿ ಸಪ್ತಮಿ. ವಿಭಕ್ತಿ ಬದಲಾದೊಡನೆಯೇ ದೊಡ್ಡದೊಂದು ಪ್ರಶ್ನೆ ಏಳುತ್ತದೆ. ಕಾರ್ಖಾನೆಯಲ್ಲಿ ಗಾಳಿ ಬೆಳಕು ಸಾಲದಿದ್ದರೆ, ಯಂತ್ರಕ್ಕೆ ಕಾಪು ಇಲ್ಲದಿದ್ದರೆ, ಕೂರುವ ಪೀಠ ಸರಿಯಿಲ್ಲದಿದ್ದರೆ ನಾವು ಯಜಮಾನನನ್ನು ಕೇಳುತ್ತೇವೆ. ಅದೇ ಕೆಲಸವನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದರೆ, ಅಲ್ಲಿ ಆಗುವ ಕೇಡಿಗೆ ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಲೋಕವು ನೂರು ವರ್ಷಕ್ಕೂ ಮೀರಿ ಉತ್ತರ ಹುಡುಕುತ್ತ ಬಂದಿದೆ. ಆ ಹುಡುಕಾಟದ ಕಥೆಯಲ್ಲಿ ನಮ್ಮ ಕರಾವಳಿಯ ಹೆಂಗಸರಿಗೂ ಒಂದು ಮುಖ್ಯ ಸ್ಥಾನವಿದೆ.

ಕುಳಿತು ಮಾಡುವ ಕೆಲಸದಿಂದ ದೇಹಕ್ಕೇನು ಕೇಡೆಂದು ತಾವು ಕೇಳಬಹುದು. ಓಲೆಗರಿಯ ಕಾಲದ ಲಿಪಿಕಾರರಿಗೆ ಅದು ಚೆನ್ನಾಗಿ ತಿಳಿದಿತ್ತು. ಗ್ರಂಥವನ್ನು ಬರೆದು ಮುಗಿಸಿದ ಮೇಲೆ ಅವರು ಕೊನೆಯಲ್ಲಿ ಬರೆಯುತ್ತಿದ್ದ ಸಂಸ್ಕೃತ ಶ್ಲೋಕವೊಂದರಲ್ಲಿ ಬೆನ್ನು, ಸೊಂಟ, ಕತ್ತುಗಳು ಪಟ್ಟ ಪಾಡು ಬರುತ್ತದೆ. ಇಷ್ಟು ಕಷ್ಟದಿಂದ ಬರೆದದ್ದನ್ನು ಜೋಪಾನ ಮಾಡಿರೆಂಬ ಬಿನ್ನಹವೂ ಬರುತ್ತದೆ. ಗ್ರಂಥವನ್ನು ಕಾಪಾಡಿರೆಂದು ಕೇಳಿದ ಲಿಪಿಕಾರ ತನ್ನ ಬೆನ್ನನ್ನು ಕಾಪಾಡಿರೆಂದು ಯಾರನ್ನೂ ಕೇಳಲಿಲ್ಲ. ಹಾಗೆ ಕೇಳಬಹುದೆಂದು ಅವನಿಗೆ ತೋರಿರಲೂ ಇಲ್ಲ.

ಆ ಕೇಳಿಕೆಗೆ ಶಾಸ್ತ್ರದ ಬಲ ಕೊಟ್ಟವನು ಇಟಲಿಯ ವೈದ್ಯ ಬರ್ನಾರ್ದಿನೋ ರಾಮಾಜ್ಜಿನಿ. ಕಸಬುದಾರರಿಗೆ ಬರುವ ರೋಗಗಳನ್ನು ಕುರಿತು ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥ 1700ರಲ್ಲಿ ಮೋದೆನಾ ನಗರದಲ್ಲಿ ಅಚ್ಚಾಯಿತು. ರೋಗಿಯ ಬಳಿಗೆ ಹೋದ ವೈದ್ಯನು ‘ನಿನ್ನ ಕಸಬೇನು?’ ಎಂದು ತಪ್ಪದೆ ಕೇಳಬೇಕೆಂಬುದು ಅವನ ಉಪದೇಶ. 1713ರ ಎರಡನೆಯ ಮುದ್ರಣದಲ್ಲಿ ಬರಹದ ಕಸಬಿನವರ ವಿಚಾರವೂ ಸೇರಿತು. ಅವರ ನೋವಿಗೆ ಅವನು ಮೂರು ಕಾರಣಗಳನ್ನು ಕೊಟ್ಟ: ಒಂದೇ ಸಮನೆ ಕುಳಿತಿರುವುದು, ಕೈಯನ್ನು ಎಡೆಬಿಡದೆ ಒಂದೇ ಬಗೆಯಲ್ಲಿ ಆಡಿಸುವುದು, ತಪ್ಪು ಬಾರದಂತೆ ಮನಸ್ಸನ್ನು ಬಿಗಿಹಿಡಿಯುವುದು. ಮುನ್ನೂರು ವರ್ಷಗಳ ಹಿಂದಿನ ಈ ಮೂರು ಕಾರಣಗಳನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತವೆ.

ಇನ್ನು ಕೆಲಸವು ಮನೆಗೆ ಬಂದ ಬಗೆ. ಸಾಹುಕಾರನು ಕಚ್ಚಾ ಸಾಮಗ್ರಿಯನ್ನು ತೂಗಿ ಕೊಡುತ್ತಾನೆ. ದುಡಿಯುವವರು ಮನೆಗೆ ಒಯ್ದು ಸಿದ್ಧಮಾಡಿ ಎಣಿಸಿ ಒಪ್ಪಿಸುತ್ತಾರೆ. ಬಟ್ಟೆ, ಕಸೂತಿ, ಪೆಟ್ಟಿಗೆ, ಚುಟ್ಟ, ಹೀಗೆ ನೂರಾರು ಕಸಬುಗಳು ಎಲ್ಲ ದೇಶಗಳಲ್ಲೂ ಈ ಪದ್ಧತಿಯಲ್ಲಿ ನಡೆದಿವೆ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ನಾಲ್ಕು ಕಾಸು ಗಳಿಸಬಹುದೆಂಬುದು ಮನೆಯ ಹೆಂಗಸರಿಗೆ ಅನುಕೂಲ. ಧಣಿಯ ಅನುಕೂಲವೋ ಇನ್ನೂ ದೊಡ್ಡದು. ಕಟ್ಟಡದ ಬಾಡಿಗೆ ಉಳಿಯಿತು, ದೀಪದ ಖರ್ಚು ಉಳಿಯಿತು, ಕಾಯಿದೆಯ ತನಿಖೆಯೂ ಉಳಿಯಿತು. ಅವನಿಗೆ ಉಳಿದ ಖರ್ಚೆಲ್ಲ ದುಡಿಯುವವರ ಮನೆಯ ಲೆಕ್ಕಕ್ಕೆ ಸೇರಿತು.

ಈ ಲೆಕ್ಕವನ್ನು ಪ್ರಶ್ನಿಸಿದ ಹೆಸರಾಂತ ಮೊಕದ್ದಮೆಯೊಂದು ನಡೆದದ್ದು ಅಮೆರಿಕದ ನ್ಯೂಯಾರ್ಕಿನಲ್ಲಿ. ಅಲ್ಲಿನ ಬಡವರು ಒಂದೇ ಕಟ್ಟಡದಲ್ಲಿ ಹಲವು ಸಂಸಾರಗಳು ಒತ್ತೊತ್ತಾಗಿ ಬಾಳುವ ವಠಾರಗಳಲ್ಲಿ ಇರುತ್ತಿದ್ದರು. ಉಣ್ಣುವ, ಮಲಗುವ ಕೋಣೆಯಲ್ಲಿಯೇ ಹೊಗೆಸೊಪ್ಪನ್ನು ಹರಡಿಕೊಂಡು ಗಂಡ ಹೆಂಡಿರು ಮಕ್ಕಳೆಲ್ಲ ಸಿಗಾರ್ ಸುತ್ತುತ್ತಿದ್ದರು. ಕೆಲವೆಡೆ ವಠಾರದ ಒಡೆಯನೂ ಸಿಗಾರಿನ ಧಣಿಯೂ ಒಬ್ಬನೇ. ಕೂಲಿ ಕೊಡುವ ಕೈ ಅದೇ, ಬಾಡಿಗೆ ಇಸಿದುಕೊಳ್ಳುವ ಕೈಯೂ ಅದೇ! ಕಾರ್ಮಿಕ ಮುಖಂಡ ಸ್ಯಾಮ್ಯುಅಲ್ ಗಾಂಪರ್ಸನು ಆಗಿನ್ನೂ ತರುಣ ಶಾಸನಸಭಾ ಸದಸ್ಯನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನನ್ನು ಈ ವಠಾರಗಳಿಗೆ ಕರೆದೊಯ್ದು ತೋರಿಸಿದ. ಮೊದಲು ಇಂಥ ಕಾಯಿದೆಗೆ ಒಲವು ತೋರದಿದ್ದ ರೂಸ್‌ವೆಲ್ಟ್ ಕಣ್ಣಾರೆ ಕಂಡ ಮೇಲೆ ಅದರ ಪರ ನಿಂತ. ವಠಾರಗಳಲ್ಲಿ ಸಿಗಾರ್ ತಯಾರಿಕೆಯನ್ನು ನಿಷೇಧಿಸುವ ಕಾಯಿದೆ 1884ರಲ್ಲಿ ಬಂತು.

ಆದರೆ ಅದು ಒಂದು ವರ್ಷವೂ ಬಾಳಲಿಲ್ಲ. ಜೇಕಬ್ಸ್ ಎಂಬ ಸಿಗಾರ್ ಕೆಲಸಗಾರನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠವು 1885ರ ಜನವರಿಯಲ್ಲಿ ಕಾಯಿದೆಯನ್ನು ತಳ್ಳಿಹಾಕಿತು. ದುಡಿಯುವವನನ್ನು ಅವನ ಮನೆಯಿಂದ ಹೊರಗಟ್ಟಿದರೆ ಅವನ ಆರೋಗ್ಯ ಸುಧಾರಿಸುವುದೆಂತು, ತನ್ನ ಮನೆಯಲ್ಲಿ ತನ್ನ ಕಸಬು ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಕಸಿಯುವುದು ನ್ಯಾಯವೆ, ಎಂಬುದು ನ್ಯಾಯಾಧೀಶರ ತರ್ಕ. ಮುಂದೆ ರಾಷ್ಟ್ರಾಧ್ಯಕ್ಷನೂ ಆದ ರೂಸ್‌ವೆಲ್ಟ್ ತನ್ನ ಆತ್ಮಕಥೆಯಲ್ಲಿ ಈ ತೀರ್ಪನ್ನು ಕಟುವಾಗಿ ಟೀಕಿಸಿದ್ದಾನೆ.

ತೀರ್ಪು ಕಠಿಣವಾಗಿ ಕಂಡರೂ ಅದರಲ್ಲಿ ಸತ್ಯದ ಒಂದಂಶವಿದೆ ಎಂಬುದನ್ನು ನಾವು ಒಪ್ಪಬೇಕು. ಮನೆಯೆಂಬುದು ಎಷ್ಟೇ ಬಡವನದಾಗಲಿ ಅವನದೇ. ಸರಕಾರದ ತನಿಖಾಧಿಕಾರಿ ಹೊತ್ತಲ್ಲದ ಹೊತ್ತಿನಲ್ಲಿ ಒಳನುಗ್ಗಿ ಇಲ್ಲಿ ಕೂರಬೇಡ, ಅಲ್ಲಿ ದೀಪವಿಡು ಎಂದರೆ ಯಾರಿಗೆ ತಾನೆ ಹಿತ? ಮನೆಯ ಕೆಲಸವನ್ನೇ ನಿಷೇಧಿಸಿದರೆ ಹೊರಗೆ ಹೋಗಿ ದುಡಿಯಲಾರದ ಹೆಣ್ಣುಮಗಳ ಗತಿಯೇನು? ಹೊಸ್ತಿಲಿನ ಮರ್ಯಾದೆ ಉಳಿಯಬೇಕು, ಒಳಗಿರುವವರ ಜೀವವೂ ಉಳಿಯಬೇಕು. ಇದೇ ತೊಡಕು.

ಇಂಗ್ಲೆಂಡು ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸಲು ನೋಡಿತು. ಅಲ್ಲಿನ 1891ರ ಕಾರ್ಖಾನೆ ಕಾಯಿದೆಯು ಹೊರಗೆ ಕೆಲಸ ಕೊಡುವ ಧಣಿಗಳು ಅಂಥ ಕೆಲಸಗಾರರ ಪಟ್ಟಿ ಇಡಬೇಕೆಂದು ಮೊದಲು ವಿಧಿಸಿತು. 1901ರ ಕಾಯಿದೆ ಇನ್ನಷ್ಟು ಮುಂದೆ ಹೋಯಿತು. ಗೊತ್ತುಪಡಿಸಿದ ಕಸಬುಗಳಲ್ಲಿ ಹೆಸರು ವಿಳಾಸಗಳ ಪಟ್ಟಿಯನ್ನು ಧಣಿಯು ವರ್ಷಕ್ಕೆ ಎರಡು ಬಾರಿ ಸ್ಥಳೀಯ ಪರಿಷತ್ತಿಗೆ ಒಪ್ಪಿಸಬೇಕು. ಕೆಲಸ ನಡೆಯುವ ಜಾಗ ಆರೋಗ್ಯಕ್ಕೆ ಹಾನಿಕರವೆಂದು ಪರಿಷತ್ತು ಕಂಡರೆ ಧಣಿಗೆ ತಿಳಿವಳಿಕೆ ಕೊಡುತ್ತದೆ. ಒಂದು ತಿಂಗಳು ಕಳೆದ ಮೇಲೂ ಅಲ್ಲಿಗೆ ಕೆಲಸ ಕೊಡುತ್ತಿದ್ದರೆ ಅವನು ದಂಡಕ್ಕೆ ಗುರಿ. ದಂಡ ಯಾರಿಗೆ ಎಂಬುದನ್ನು ಗಮನಿಸಿ. ಆ ಮನೆಯಲ್ಲಿರುವ ಬಡವಿಗಲ್ಲ. ಆ ಮನೆಯ ಸ್ಥಿತಿಯನ್ನು ತಿಳಿದೂ ಅಲ್ಲಿಗೆ ಕೆಲಸ ಕಳಿಸಿದವನಿಗೆ. ಹೊಣೆಯು ಗೋಡೆಗೆ ಅಂಟಿಕೊಂಡಿಲ್ಲ, ಕೆಲಸವನ್ನು ಹಿಂಬಾಲಿಸುತ್ತದೆ ಎಂಬ ತತ್ತ್ವ ಇಲ್ಲಿ ಮೊಳೆಯಿತು.

ಕಾಗದದ ಮೇಲಿನ ಕಾಯಿದೆ ಮಾತ್ರ ಸಾಲದೆಂದು ಬೇಗನೆ ತಿಳಿಯಿತು. 1906ರಲ್ಲಿ ಲಂಡನ್ನಿನ ‘ಡೈಲಿ ನ್ಯೂಸ್’ ಪತ್ರಿಕೆಯವರು ಕ್ವೀನ್ಸ್ ಹಾಲ್ ಎಂಬ ಸಭಾಂಗಣದಲ್ಲಿ ಒಂದು ಪ್ರದರ್ಶನ ಏರ್ಪಡಿಸಿದರು. ಬೆಂಕಿಪೆಟ್ಟಿಗೆ ಅಂಟಿಸುವವರು, ಬಟ್ಟೆ ಹೊಲಿಯುವವರು ಅಲ್ಲಿಯೇ ಕುಳಿತು ಕೆಲಸ ಮಾಡಿ ತೋರಿಸಿದರು. ಶ್ರೀಮಂತ ಮನೆಗಳ ಹೆಂಗಸರು ತಾವು ತೊಟ್ಟ ಉಡುಪು ಎಂಥ ಕೈಗಳಿಂದ ಬಂತೆಂಬುದನ್ನು ಕಂಡರು. 1909ರಲ್ಲಿ ಹೊಲಿಗೆ, ಕಾಗದದ ಪೆಟ್ಟಿಗೆ, ಲೇಸು, ಸರಪಳಿ ಎಂಬ ನಾಲ್ಕು ಕಸಬುಗಳಿಗೆ ಕನಿಷ್ಠ ಕೂಲಿ ಗೊತ್ತುಮಾಡುವ ಮಂಡಲಿಗಳ ಕಾಯಿದೆ ಆಯಿತು. ಮರುವರ್ಷ ಕ್ರಾಡ್ಲಿ ಹೀತ್ ಎಂಬಲ್ಲಿ ಮನೆಯ ಹಿತ್ತಲ ಕುಲುಮೆಗಳಲ್ಲಿ ಸರಪಳಿ ಬಡಿಯುತ್ತಿದ್ದ ಹೆಂಗಸರು ಮೇರಿ ಮೆಕಾರ್ಥರ್ ಎಂಬಾಕೆಯ ನಾಯಕತ್ವದಲ್ಲಿ ಹತ್ತು ವಾರ ಹೋರಾಡಿ ಆ ಕೂಲಿಯನ್ನು ಗಿಟ್ಟಿಸಿಕೊಂಡರು. ಮನೆಯ ಸುರಕ್ಷತೆಗೆ ಕೂಲಿಯ ಮಾತೇಕೆ ಎನ್ನುವಿರಾ? ಸಾವಿರಕ್ಕೆ ಇಷ್ಟು ಎಂಬ ದರ ತೀರ ಕಡಿಮೆಯಾದಾಗ ನಡುರಾತ್ರಿಯವರೆಗೂ ಬೆನ್ನು ಬಾಗಿಸಲೇಬೇಕು. ಮಕ್ಕಳ ಕೈಯನ್ನೂ ಹೂಡಲೇಬೇಕು. ದೇಹದ ಕೇಡು ಅರ್ಧಪಾಲು ದರದಲ್ಲಿಯೇ ಅಡಗಿರುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ದಕ್ಷಿಣ ಕನ್ನಡದ ಊರುಗಳಲ್ಲಿ ‘ಬೀಡಿ ಕಟ್ಟುವುದು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೀಡಿ ಎಲೆ ಮಧ್ಯ ಭಾರತದ ಕಾಡುಗಳಿಂದ ಬರುತ್ತದೆ. ಬೀಡಿಯ ಹೊಗೆಸೊಪ್ಪಿಗೆ ನಮ್ಮ ನಿಪ್ಪಾಣಿ ಹೆಸರುವಾಸಿ. ಊರಿನ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಎಲೆಯನ್ನು ನೀರಿನಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ, ಪುಡಿ ತುಂಬಿ ಸುರುಳಿ ಸುತ್ತಿ, ನೂಲು ಬಿಗಿದು, ಕಟ್ಟು ಮಾಡಿ ಮತ್ತೆ ಬ್ರಾಂಚಿಗೆ ಒಪ್ಪಿಸಬೇಕು. ಮೊರವನ್ನು ಮಡಿಲಲ್ಲಿಟ್ಟುಕೊಂಡು ಕಾಲು ಮಡಚಿ ಕತ್ತು ತಗ್ಗಿಸಿ ಕುಳಿತರೆ ಗಂಟೆಗಟ್ಟಲೆ ಏಳುವಂತಿಲ್ಲ. ರಾಮಾಜ್ಜಿನಿ ಹೇಳಿದ ಮೂರು ಕಾರಣಗಳೂ ಇಲ್ಲಿವೆ: ಒಂದೇ ಕೂರುವಿಕೆ, ಬೆರಳುಗಳ ಒಂದೇ ಆಟ, ಎಣಿಕೆ ತಪ್ಪದಂತೆ ಬಿಗಿಹಿಡಿದ ಮನಸ್ಸು. ನಾಲ್ಕನೆಯದಾಗಿ ಹೊಗೆಸೊಪ್ಪಿನ ಪುಡಿ. ಅದು ಕಟ್ಟುವವಳ ಉಸಿರಿಗೆ ಮಾತ್ರವಲ್ಲ, ಪಕ್ಕದಲ್ಲಿ ಮಲಗಿದ ಕೂಸಿನ ಉಸಿರಿಗೂ ಸೇರುತ್ತದೆ.

1948ರ ಕಾರ್ಖಾನೆ ಕಾಯಿದೆ ಇವರ ಹತ್ತಿರ ಸುಳಿಯಲಿಲ್ಲ; ಮನೆಯು ಕಾರ್ಖಾನೆಯಲ್ಲವಲ್ಲ! ಒಂದೊಂದು ರಾಜ್ಯ ತನ್ನದೇ ಕಾಯಿದೆ ತಂದರೆ ಉದ್ಯಮವು ಕಾಯಿದೆ ಇಲ್ಲದ ಕಡೆಗೆ ಸುಲಭವಾಗಿ ಸರಿದುಬಿಡುತ್ತಿತ್ತು. ಆದುದರಿಂದ ಇಡೀ ದೇಶಕ್ಕೆ ಅನ್ವಯಿಸುವಂತೆ 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯನ್ನು ಮಾಡಿತು. ಧಣಿಯಿಂದಾಗಲಿ ಗುತ್ತಿಗೆದಾರನಿಂದಾಗಲಿ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವಳೂ ‘ನೌಕರಳೇ’ ಎಂದು ಆ ಕಾಯಿದೆ ಸ್ಪಷ್ಟವಾಗಿ ಬರೆಯಿತು. ಒಂದು ಶಬ್ದದ ಅರ್ಥವ್ಯಾಪ್ತಿ ಹಿಗ್ಗಿದ್ದರಿಂದ ಲಕ್ಷಾಂತರ ಸಂಸಾರಗಳ ಹಕ್ಕು ಹಿಗ್ಗಿತು.

ಜಾರಿಗೆ ತರುವುದು ಸುಲಭವಾಗಲಿಲ್ಲ. ಕೇರಳವು ಅದನ್ನು ಜಾರಿಗೊಳಿಸಹೊರಟಾಗ, 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಸಂಸ್ಥೆಗಳು ಕಣ್ಣೂರಿನ ಕಡೆಯ ಕೆಲಸವನ್ನು ನಿಲ್ಲಿಸಿದವು. ಸುಮಾರು 12,000 ಮಂದಿಯ ಕೂಲಿ ತಪ್ಪಿತು. ಅವರ ಪೈಕಿ ಹಲವರು ಸೇರಿ 1969ರ ಫೆಬ್ರವರಿಯಲ್ಲಿ ಕಟ್ಟಿದ್ದೇ ದಿನೇಶ್ ಬೀಡಿ ಸಹಕಾರ ಸಂಘ. ಆ ಸಂಘದ ಕೆಲಸದ ಮನೆಗಳಲ್ಲಿ ಎಲ್ಲರೂ ಸಾಲಾಗಿ ಕುಳಿತು ಬೀಡಿ ಕಟ್ಟುತ್ತಿದ್ದರು, ಒಬ್ಬರು ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ನಾಲ್ಕು ಜನ ಒಟ್ಟಿಗೆ ಕುಳಿತ ಕಡೆ ಗಾಳಿ ಬೆಳಕಿನ ಕೊರತೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬಂಟಿಯಾಗಿ ಒಳಮನೆಯಲ್ಲಿ ಕುಳಿತವಳ ಕೊರತೆ ಅವಳೊಬ್ಬಳಿಗೇ ಗೊತ್ತು.

ಇತ್ತ ಕಾಯಿದೆಯ ಸಿಂಧುತ್ವವೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆ ಎಂದು ಅದು ಕಾನೂನಿನ ಪುಸ್ತಕಗಳಲ್ಲಿ ನಿಂತಿದೆ. 1974ರ ಜನವರಿ 31ರಂದು ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ನಡುವೆ ಗುತ್ತಿಗೆದಾರನಿದ್ದರೂ ಮೂಲ ಉದ್ಯಮಿ ತನ್ನ ಹೊಣೆಯಿಂದ ಜಾರಿಕೊಳ್ಳಲಾಗದು ಎಂಬುದು ಇದರಿಂದ ನೆಲೆಗೊಂಡಿತು. 1985ರ ಇನ್ನೊಂದು ತೀರ್ಪಿನಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿಯ ಹಕ್ಕು ದೊರೆಯಿತು. ಮನೆಯಲ್ಲಿ ನಡೆಯುವ ಕೆಲಸದ ಮೇಲೆ ಧಣಿಯ ಹಿಡಿತವೆಲ್ಲಿದೆ ಎಂಬ ವಾದಕ್ಕೆ ನ್ಯಾಯಾಧೀಶರು ಕೊಟ್ಟ ಉತ್ತರ ಸೊಗಸಾಗಿದೆ: ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಹಕ್ಕು ಧಣಿಗೆ ಇದೆಯಷ್ಟೆ, ಆ ಹಕ್ಕೇ ಹಿಡಿತ. ಮನೆಯೊಳಗೆ ಕಾಲಿಡದೆಯೇ ಬೀಡಿಯ ಗುಣವನ್ನು ಕಾಯಬಲ್ಲವನು, ಮನೆಯೊಳಗೆ ಕಾಲಿಡಲಾಗದೆಂಬ ನೆವದಿಂದ ಹೊಣೆಯನ್ನು ತಪ್ಪಿಸಿಕೊಳ್ಳುವಂತಿಲ್ಲ.

ಇಷ್ಟಾದರೂ, ವಾಚಕರೇ, ಒಂದು ಬಾಗಿಲು ಮುಚ್ಚಿಯೇ ಉಳಿಯಿತು. 1966ರ ಕಾಯಿದೆಯಲ್ಲಿ ಚೊಕ್ಕಟ, ಗಾಳಿ ಬೆಳಕು, ಒತ್ತಾಗಿ ಕೂರಿಸದಿರುವುದು, ಕುಡಿಯುವ ನೀರು, ಶಿಶುವಿಹಾರ, ಪ್ರಥಮ ಚಿಕಿತ್ಸೆ ಎಲ್ಲಕ್ಕೂ ವಿಧಿಗಳಿದ್ದವು. ಆದರೆ ಅವೆಲ್ಲ ಅನ್ವಯವಾಗುತ್ತಿದ್ದುದು ‘ಕೈಗಾರಿಕಾ ಆವರಣ’ಕ್ಕೆ, ಆ ಶಬ್ದದ ವಿವರಣೆಯಲ್ಲಿಯೇ ‘ಖಾಸಗಿ ವಾಸದ ಮನೆಯನ್ನು ಬಿಟ್ಟು’ ಎಂದಿತ್ತು. ಹೀಗಾಗಿ ಕೂಲಿಯ ಹಕ್ಕು ಹೊಸ್ತಿಲು ದಾಟಿತು, ರಜೆಯ ಹಕ್ಕು ದಾಟಿತು, ಭವಿಷ್ಯನಿಧಿಯೂ ದಾಟಿತು. ಕಿಟಕಿಯ ಗಾಳಿ ಮಾತ್ರ ದಾಟಲಿಲ್ಲ. ಅವಳನ್ನು ನೌಕರಳೆಂದು ಕರೆದ ಕಾಯಿದೆಯೇ ಅವಳು ಕುಳಿತ ನೆಲವನ್ನು ಕೆಲಸದ ನೆಲವೆಂದು ಕರೆಯದೆ ಹೋಯಿತು.

ಮುಚ್ಚಿದ ಈ ಬಾಗಿಲನ್ನು ತೆರೆಯುವ ಮಾತು ಲೋಕದ ಮಟ್ಟದಲ್ಲಿ ನಡೆದದ್ದು 1996ರಲ್ಲಿ. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಎಂಬ ಹೆಂಗಸರ ಸಂಘವೂ ಇದಕ್ಕಾಗಿ ಬಹುಕಾಲ ಶ್ರಮಿಸಿತ್ತು. ಆ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಯಲ್ಲಿ ದುಡಿಯುವವರನ್ನು ಕುರಿತು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಕಾಯಿದೆಗಳು ಮನೆಯ ದುಡಿಮೆಗೂ ಅನ್ವಯಿಸಬೇಕು, ಮನೆಗೆ ತರಬಾರದ ಕೆಲಸಗಳನ್ನೂ ವಸ್ತುಗಳನ್ನೂ ನಿಷೇಧಿಸುವ ಅವಕಾಶವಿರಬೇಕು ಎಂದು ಅದು ಹೇಳುತ್ತದೆ. ಜೊತೆಗೆ ಬಂದ ಶಿಫಾರಸು ಹೊಸ್ತಿಲಿನ ತೊಡಕನ್ನೂ ಮರೆಯಲಿಲ್ಲ: ತನಿಖಾಧಿಕಾರಿ ಮನೆಯವರ ಏಕಾಂತಕ್ಕೆ ಮರ್ಯಾದೆ ಕೊಟ್ಟು, ಕೆಲಸ ನಡೆಯುವ ಭಾಗಕ್ಕೆ ಮಾತ್ರ ಹೋಗಬಹುದೆಂದಿತು. ಒಡಂಬಡಿಕೆ 2000ದಲ್ಲಿ ಜಾರಿಗೆ ಬಂತು. ಭಾರತವಿನ್ನೂ ಅದಕ್ಕೆ ಸಹಿ ಬಿದ್ದ ದೇಶಗಳ ಸಾಲಿನಲ್ಲಿಲ್ಲ.

ಅಷ್ಟರಲ್ಲಿ ಮನೆಯ ದುಡಿಮೆಯ ಉಪಕರಣವೇ ಬದಲಾಗಿತ್ತು. ಮೊರದ ಜಾಗಕ್ಕೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಪರದೆಯ ಮುಂದೆ ದುಡಿಯುವವರ ಕುರ್ಚಿ, ಮೇಜು, ಬೆಳಕುಗಳನ್ನು ಧಣಿಯೇ ಪರಿಶೀಲಿಸಬೇಕೆಂದು ಬ್ರಿಟನ್ನಿನಲ್ಲಿ 1992ರಲ್ಲಿ ನಿಯಮಗಳಾದವು. ಮನೆಯಿಂದ ದುಡಿಯುವ ನೌಕರರನ್ನೂ ಅವು ಒಳಗೊಳ್ಳುತ್ತವೆ. ಅಮೆರಿಕದಲ್ಲಿ ನಡೆದದ್ದು ಬೇರೆ. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ 1999ರ ನವೆಂಬರಿನಲ್ಲಿ ಒಂದು ಸಂಸ್ಥೆಯ ಪ್ರಶ್ನೆಗೆ ಉತ್ತರಿಸುತ್ತ, ಮನೆಯಲ್ಲಿನ ಕಛೇರಿಯ ಸುರಕ್ಷತೆಗೂ ಧಣಿಯೇ ಹೊಣೆಯೆಂದು ಬರೆಯಿತು. ಪತ್ರದ ಸಂಗತಿ 2000ದ ಜನವರಿಯಲ್ಲಿ ಬಯಲಾದೊಡನೆ ದೇಶವೆಲ್ಲ ಗದ್ದಲ! ಇನ್ನು ಮುಂದೆ ಧಣಿಗಳು ಮನೆಮನೆಯ ಮೆಟ್ಟಿಲು ಎಣಿಸಬೇಕೆ ಎಂದು ಜನ ಕೇಳಿದರು. ಜನವರಿ 5ರಂದೇ ಪತ್ರ ಹಿಂದಕ್ಕೆ ಹೋಯಿತು. ಮುಂದಿನ ತಿಂಗಳು ಬಂದ ಆದೇಶ ಎರಡು ಮಾತು ಹೇಳಿತು: ಮನೆಯ ಕಛೇರಿಗಳನ್ನು ಇಲಾಖೆ ತನಿಖೆ ಮಾಡುವುದಿಲ್ಲ, ಅಲ್ಲಿನ ಹೊಣೆಯನ್ನು ಧಣಿಯ ಮೇಲೆ ಹೊರಿಸುವುದೂ ಇಲ್ಲ. ಆದರೆ ಸಾಮಾನು ತಯಾರಿಸುವಂಥ ಮನೆಯ ದುಡಿಮೆಯಲ್ಲಿ ಧಣಿ ಒದಗಿಸಿದ ವಸ್ತು, ಸಲಕರಣೆ, ವಿಧಾನಗಳಿಂದ ಬರುವ ಅಪಾಯಕ್ಕೆ ಧಣಿಯೇ ಹೊಣೆ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಮೊಳೆತ ತತ್ತ್ವವನ್ನು ಈ ಎರಡನೆಯ ಮಾತಿನಲ್ಲಿ ತಾವು ಗುರುತಿಸಬಹುದು.

2020ರ ಮಾರ್ಚಿನಲ್ಲಿ ಮಹಾಮಾರಿಯ ದಿಗ್ಬಂಧನ ಬಂದಾಗ ಈ ವಿಚಾರ ನಮ್ಮ ಪಟ್ಟಣಗಳ ಮನೆಮನೆಯನ್ನೂ ಹೊಕ್ಕಿತು. ಬೆಂಗಳೂರಿನ ಕಛೇರಿಗಳು ಬಾಗಿಲು ಹಾಕಿದವು. ಕೆಲಸ ಮಾತ್ರ ನಿಲ್ಲಲಿಲ್ಲ. ಮಂಚದ ಮೇಲೆ, ಅಡಿಗೆಮನೆಯ ಕಟ್ಟೆಯ ಮೇಲೆ, ದೇವರ ಮನೆಯ ಪಕ್ಕದ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡವು. ಬೀಡಿ ಕಟ್ಟುವವಳಿಗೂ ಈ ತರುಣರಿಗೂ ಸಂಪಾದನೆಯಲ್ಲಿ ಅಜಗಜಾಂತರ. ಆದರೆ ಬೆನ್ನುಮೂಳೆ ಸಂಬಳವನ್ನು ನೋಡಿ ನೋಯುವುದಿಲ್ಲ. ಒಂದೇ ಕೂರುವಿಕೆ, ಬೆರಳಿನ ಒಂದೇ ಆಟ, ಬಿಗಿಹಿಡಿದ ಮನಸ್ಸು, ಇಲ್ಲಿಯೂ ಆ ಮೂರೇ. ಕುರ್ಚಿಗೆ ಹಣ ಕೊಟ್ಟ ಸಂಸ್ಥೆಗಳೂ ಇದ್ದವು, ಕೇಳದೆ ಸುಮ್ಮನಿದ್ದವೂ ಇದ್ದವು. ಹಕ್ಕಾಗಬೇಕಾದದ್ದು ದಾಕ್ಷಿಣ್ಯದ ಮಾತಾಗಿ ಉಳಿಯಿತು.

ಅದೇ 2020ರಲ್ಲಿ ಸಂಸತ್ತು ಹಲವು ಕಾಯಿದೆಗಳನ್ನು ಒಟ್ಟುಗೂಡಿಸಿ ಕೆಲಸದ ಸುರಕ್ಷತೆ, ಆರೋಗ್ಯ ಮತ್ತು ಪರಿಸ್ಥಿತಿಗಳ ಸಂಹಿತೆಯನ್ನು ಮಾಡಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. 1966ರ ಬೀಡಿ ಕಾಯಿದೆ ಈಗ ಅದರೊಳಗೆ ಲೀನವಾಗಿದೆ. ಸಂಹಿತೆ ಹೊಸದು, ‘ಖಾಸಗಿ ವಾಸದ ಮನೆಯನ್ನು ಬಿಟ್ಟು’ ಎಂಬ ಹಳೆಯ ಗೆರೆ ಮಾತ್ರ ಅದರ ಜೊತೆಗೇ ನಡೆದು ಬಂದಿದೆ.

ಹಾಗಾದರೆ ಮನೆಮನೆಗೂ ತನಿಖಾಧಿಕಾರಿಯನ್ನು ಕಳಿಸಬೇಕೆ? ಬೇಕಾಗಿಲ್ಲ. ಹಿಂದಿನವರು ನಡೆದ ದಾರಿ ನಮ್ಮ ಕಣ್ಣ ಮುಂದಿದೆ. ಯಾವ ಮನೆಗೆ ಕೆಲಸ ಹೋಗುತ್ತದೆ ಎಂಬುದು ಧಣಿಯ ಪಟ್ಟಿಯಲ್ಲಿ ಇರಲಿ. ಹೊಸ್ತಿಲು ದಾಟಿ ಒಳಗೆ ಬರುವ ವಸ್ತುವಿನ ಅಪಾಯವನ್ನು ಕಳಿಸಿದವನೇ ತಿಳಿಸಲಿ, ತಡೆಯುವ ಸಾಧನವನ್ನೂ ಅವನೇ ಕೊಡಲಿ. ಕೂರುವ ಪೀಠದ, ದೀಪದ ಖರ್ಚು ಕೆಲಸದ ಖರ್ಚಿನಲ್ಲಿ ಸೇರಲಿ. ದುಡಿಯುವವರು ನಡುವೆ ಎದ್ದು ಬೆನ್ನು ನೆಟ್ಟಗೆ ಮಾಡುವಷ್ಟಾದರೂ ದರ ಗಿಟ್ಟಲಿ. ಇವುಗಳಲ್ಲಿ ಒಂದಕ್ಕೂ ಯಾರ ಮನೆಯ ಬಾಗಿಲನ್ನೂ ಮುರಿಯಬೇಕಾಗಿಲ್ಲ.

ಇದು ದೊಡ್ಡ ಉದ್ಯಮಿಗಳಿಗೆ ಮಾತ್ರ ಹೇಳುವ ಮಾತೂ ಅಲ್ಲ. ನಮ್ಮ ನಿಮ್ಮ ಮನೆಗಳಿಂದಲೂ ಸೀರೆಗೆ ಫಾಲ್ ಹಚ್ಚಲು, ಕುಚ್ಚು ಕಟ್ಟಲು, ಹಪ್ಪಳ ಒತ್ತಲು ಕೆಲಸ ಮತ್ತೊಂದು ಮನೆಗೆ ಹೋಗುತ್ತದೆ. ಸಂಜೆ ಹೊತ್ತಿಗೆ ಸೀರೆಯನ್ನು ತರಲು ಹೋದಾಗ ದರದ ಚೌಕಾಸಿಗೆ ಮೊದಲು, ಆಕೆ ಯಾವ ಬೆಳಕಿನಲ್ಲಿ ಕುಳಿತು ಕುಚ್ಚು ಕಟ್ಟಿದಳೆಂದು ಒಮ್ಮೆ ಒಳಗೆ ನೋಡಿ. ಆ ದೀಪದ ಖರ್ಚನ್ನು ಈವರೆಗೆ ಯಾರು ಕೊಡುತ್ತಿದ್ದಾರೆಂಬುದು ಹೇಳಿಕೊಡದೆಯೇ ತಿಳಿಯುತ್ತದೆ.